ಪೈಲಟ್ ನಿದ್ದೆಗೆ ಯಾರೂ ವಿನಾಯಿತಿ ಕೊಡೋಕಾಗಲ್ಲ

2025ರ ಡಿಸೆಂಬರ್ ಮೊದಲ ವಾರ ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿರತ್ತೆ. ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು. ಬ್ಯಾಗುಗಳ ರಾಶಿ, ನೆಲದ ಮೇಲೆ ಮಲಗಿದ ಜನ, ಕೌಂಟರ್ ಮುಂದೆ ಕೂಗಾಟ, ಇವನ್ನೆಲ್ಲ ನಾವು ಫೋನಿನಲ್ಲಿ ನೋಡಿದ್ದೇ ನೋಡಿದ್ದು. ಆಗ ಕ್ಯಾಂಟೀನಿನಿಂದ ಹಿಡಿದು ಕ್ಲಾಸಿನ ವಾಟ್ಸಾಪ್ ಗ್ರೂಪಿನವರೆಗೆ ಒಂದು ಮಾತು ಓಡಾಡಿತು: "ಪೈಲಟ್‌ಗಳಿಗೆ ರೆಸ್ಟ್ ಜಾಸ್ತಿ ಕೊಡೋ ರೂಲ್ ತಂದ್ರಲ್ಲ, ಅದಕ್ಕೇ ಹೀಗಾಗಿದ್ದು."

ಈ ಮಾತಿಗೆ ನಮ್ಮ ತಕರಾರಿದೆ. ರೂಲ್ ಬಂದದ್ದರಿಂದ ವಿಮಾನ ನಿಂತವು ಅನ್ನೋದು, ಪರೀಕ್ಷೆ ಇಟ್ಟಿದ್ದರಿಂದಲೇ ಫೇಲ್ ಆದೆ ಅಂದಹಾಗೆ. ಪರೀಕ್ಷೆಯ ದಿನಾಂಕ ಎಷ್ಟು ಮೊದಲೇ ಗೊತ್ತಿತ್ತು, ಸಿಲಬಸ್ ಎಲ್ಲಿಂದ ಬಂತು, ಹಾಲ್ ಟಿಕೆಟ್ ಕೊಡೋರು ಏನು ನೋಡಿ ಕೊಟ್ಟರು ಅಂತಲೂ ಕೇಳಬೇಕಲ್ವಾ? ಎಂಜಿನಿಯರಿಂಗ್ ಓದುತ್ತಿರುವ ನಾವಾದರೂ ಅದನ್ನು ಕೇಳಬೇಕು. ಯಾಕಂದ್ರೆ ಇದು ಬರೀ ಪೈಲಟ್‌ಗಳ ರಜೆಯ ವಿಷಯ ಅಲ್ಲವೇ ಅಲ್ಲ. ಒಂದು ಅಳತೆ ಹೇಗೆ ನಿಯಮ ಆಗತ್ತೆ, ನಿಯಮ ಹೇಗೆ ಅನುಮತಿ ಆಗತ್ತೆ, ಆ ಅನುಮತಿ ಎಲ್ಲಿ ಸೋರತ್ತೆ ಅನ್ನೋ ವಿಷಯ.

ಮಂಗಳೂರಿನ ಪಾಠ

ಕತೆ ಶುರುವಾಗೋದು ನಮ್ಮ ಕರಾವಳಿಯಿಂದಲೇ ಅಂದರೂ ತಪ್ಪಿಲ್ಲ. 2010ರ ಮೇ 22, ಬೆಳಗ್ಗೆ ಸುಮಾರು 6 ಗಂಟೆ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಬಜ್ಪೆಯ ಟೇಬಲ್‌ಟಾಪ್ ರನ್‌ವೇಯಲ್ಲಿ ನಿಲ್ಲಲಾಗದೆ ಆಚೆಯ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಜನ ಸತ್ತರು. ಬದುಕಿ ಉಳಿದವರು 8 ಮಂದಿ. ಆಗ ನಾವೆಲ್ಲ ಅಂಗನವಾಡಿಯೋ ಎಲ್‌ಕೆಜಿಯೋ ಇದ್ದೆವು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯ ಗೆಳೆಯರನ್ನು ಕೇಳಿ ನೋಡಿ, ಅವರ ಮನೆಗಳಲ್ಲಿ ಈ ತಾರೀಖು ಇನ್ನೂ ಹಸಿಯಾಗಿದೆ.

ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದಲ್ಲಿ ಇದನ್ನು ಪರಿಶೀಲಿಸಿತು. ನೇರ ಕಾರಣ ಸ್ಪಷ್ಟವಾಗಿತ್ತು. ವಿಮಾನ ಇರಬೇಕಾದ ಎತ್ತರಕ್ಕಿಂತ ತುಂಬಾ ಮೇಲಿತ್ತು, ವೇಗವೂ ಜಾಸ್ತಿ ಇತ್ತು. ಕೋ-ಪೈಲಟ್ ಮೂರು ಸಲ "ಗೋ ಅರೌಂಡ್" ಅಂದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲ. ಕಾಕ್‌ಪಿಟ್‌ನ ಎಚ್ಚರಿಕೆ ಯಂತ್ರ ಕೂಗಿದರೂ ಬಿಡಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಉಳಿದ ಜಾಗದಲ್ಲಿ ಆ ವೇಗದ ವಿಮಾನ ನಿಲ್ಲೋದು ಎಲ್ಲಿಂದ ಬಂತು?

ಅನುಭವ ಇದ್ದ ಒಬ್ಬ ಕ್ಯಾಪ್ಟನ್ ಯಾಕೆ ಹಾಗೆ ಮಾಡಿದರು ಅನ್ನೋದಕ್ಕೆ ಉತ್ತರ ಸಿಕ್ಕಿದ್ದು ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್‌ನಲ್ಲಿ. ಅದರಲ್ಲಿ ಉಳಿದದ್ದು ಕೊನೆಯ ಎರಡು ಗಂಟೆಯಷ್ಟು ಧ್ವನಿ. ಅದರಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ಮಾತೇ ಇಲ್ಲ. ಗೊರಕೆಯ ಸದ್ದಿದೆ. ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹಾರಿಸಿಕೊಂಡು ಹೋದದ್ದೂ, ಅಲ್ಲಿಂದ ಆಗಲೇ ತಿರುಗಿ ಹೊರಟದ್ದೂ ಇದೇ ಸಿಬ್ಬಂದಿ. ಕ್ಯಾಪ್ಟನ್ ಎಚ್ಚರಗೊಂಡು ಅರ್ಧ ಗಂಟೆಯೂ ಆಗುವ ಮೊದಲೇ ದೇಶದ ಕಷ್ಟದ ರನ್‌ವೇಗಳಲ್ಲಿ ಒಂದರ ಮೇಲೆ ಇಳಿಸಬೇಕಾಗಿ ಬಂತು. ಅಂದು ಮಂಗಳೂರಿನ ರೇಡಾರ್ ಕೂಡ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೇ ತಡವಾಗಿ. ಸಮಿತಿ ತನ್ನ ವರದಿಯಲ್ಲಿ ಎರಡು ಪದ ಬಳಸಿತು. ಒಂದು ಸ್ಲೀಪ್ ಇನರ್ಷಿಯಾ, ಇನ್ನೊಂದು ವಿಂಡೋ ಆಫ್ ಸರ್ಕೇಡಿಯನ್ ಲೋ.

ಒಂದು ವಿಷಯ ಗಮನಿಸಿ. ಮಂಗಳೂರಿಂದ ಹೋಗಿ ಮಂಗಳೂರಿಗೆ ಬರುವ ಈ ಎರಡು ಹಾರಾಟದ ರಾತ್ರಿ ಡ್ಯೂಟಿ, ಗಂಟೆಗಳ ಲೆಕ್ಕದಲ್ಲಿ ನೋಡಿದರೆ ಅತಿಯಾದದ್ದೇನಲ್ಲ. ರೋಸ್ಟರ್ ಹಾಳೆ ನೋಡಿದರೆ ಎಲ್ಲ ಸರಿ ಇದೆ ಅನ್ನಿಸತ್ತೆ. ಗಂಟೆ ಎಷ್ಟು ಅನ್ನೋದರ ಜೊತೆಗೆ ಯಾವ ಹೊತ್ತಿನ ಗಂಟೆ ಅನ್ನೋದೂ ಮುಖ್ಯ ಅಂತ ಗೊತ್ತಾಗೋಕೆ ನಮ್ಮ ದೇಶ ಇಷ್ಟು ದೊಡ್ಡ ಬೆಲೆ ಕೊಟ್ಟಿದೆ.

ನಿದ್ದೆಗೂ ಲ್ಯಾಬ್ ರೀಡಿಂಗ್ ಇದೆ

"ಸುಸ್ತು ಅನ್ನೋದು ಮನಸ್ಸಿಗೆ ಸಂಬಂಧಿಸಿದ್ದು, ಗಟ್ಟಿ ಮನಸ್ಸಿದ್ರೆ ಮ್ಯಾನೇಜ್ ಮಾಡಬಹುದು" ಅನ್ನೋದು ನಮ್ಮ ಹಾಸ್ಟೆಲುಗಳ ನಂಬಿಕೆ. ಇಂಟರ್ನಲ್ಸ್ ಹಿಂದಿನ ದಿನ ನೈಟ್ ಔಟ್ ಮಾಡಿ ಬಂದು ಕಾಲರ್ ಏರಿಸೋ ಜಾತಿ ನಮ್ಮದು. ಏರೋಮೆಡಿಕಲ್ ಸಂಶೋಧಕರು ಇದನ್ನು ನಂಬಿಕೆಗೆ ಬಿಡದೆ ಅಳೆದು ನೋಡಿದರು.

ಅಳೆಯೋ ಸಾಧನ ತುಂಬಾ ಸರಳ. ಸೈಕೋಮೋಟರ್ ವಿಜಿಲೆನ್ಸ್ ಟೆಸ್ಟ್ ಅಂತಾರೆ. ಹತ್ತು ನಿಮಿಷ ಪರದೆ ನೋಡುತ್ತಾ ಕೂರಬೇಕು. ಯಾವಾಗಲೋ ಒಮ್ಮೆ ಗುರುತು ಕಾಣಿಸಿದ ಕೂಡಲೇ ಬಟನ್ ಒತ್ತಬೇಕು. ಅರ್ಧ ಸೆಕೆಂಡಿಗಿಂತ ತಡವಾದರೆ ಅದೊಂದು ತಪ್ಪಿದ ಲೆಕ್ಕ. ನಿದ್ದೆಗೆಟ್ಟ ಹಾಗೆಲ್ಲ ಈ ತಪ್ಪಿದ ಸಂಖ್ಯೆ ಏರುತ್ತಾ ಹೋಗತ್ತೆ. "ನಾನು ಚೆನ್ನಾಗೇ ಇದೀನಿ" ಅನ್ನೋ ಆ ಮನುಷ್ಯನ ಮಾತಿಗೂ ಗ್ರಾಫಿಗೂ ಹೊಂದಾಣಿಕೆಯೇ ಇರಲ್ಲ. ಸುಸ್ತಾದ ಮೆದುಳಿನಿಂದಲೇ ಸುಸ್ತನ್ನು ಅಳೆಯೋದು ಅಂದರೆ ಕ್ಯಾಲಿಬ್ರೇಷನ್ ಕೆಟ್ಟ ಮೀಟರಿನಿಂದಲೇ ಆ ಮೀಟರನ್ನು ಚೆಕ್ ಮಾಡಿದಂತೆ.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ 'ನೇಚರ್' ಪತ್ರಿಕೆಯಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡ ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ಕುಡಿದು ಗಾಡಿ ಓಡಿಸಿದರೆ ಕೇಸ್ ಬೀಳೋ ಮಿತಿ ಎಷ್ಟು ಗೊತ್ತಾ? 0.03 ಶೇಕಡ. ಅಂದರೆ ಬೆಳಗ್ಗೆ 8ಕ್ಕೆ ಎದ್ದು ರಾತ್ರಿ 1 ಗಂಟೆಗೆ ಬೈಕ್ ಹತ್ತುವವನ ಕೈಕಣ್ಣು, ಪೊಲೀಸರು ಮಷಿನ್ ಊದಿಸಿ ಹಿಡಿಯೋ ಮಟ್ಟವನ್ನೂ ದಾಟಿರಬಹುದು. ವ್ಯತ್ಯಾಸ ಇಷ್ಟೇ, ನಿದ್ದೆಗೆ ಊದಿಸೋ ಮಷಿನ್ ಇಲ್ಲ.

ಇನ್ನು ಮಂಗಳೂರಿನ ವರದಿಯ ಆ ಎರಡು ಪದ. ಬೆಳಗಿನ ಜಾವ ಸುಮಾರು 2ರಿಂದ 6ರವರೆಗೆ ನಮ್ಮ ದೇಹದ ಗಡಿಯಾರ ತಳ ಮುಟ್ಟಿರತ್ತೆ. ಮೈಯ ಬಿಸಿ ಇಳಿದಿರತ್ತೆ, ಎಚ್ಚರ ತೆಳ್ಳಗಾಗಿರತ್ತೆ. ಹಗಲು ಎಷ್ಟೇ ಮಲಗಿದ್ದರೂ ಈ ತಗ್ಗು ಪೂರ್ತಿ ಹೋಗಲ್ಲ. ಅದು ವಿಂಡೋ ಆಫ್ ಸರ್ಕೇಡಿಯನ್ ಲೋ. ಸ್ಲೀಪ್ ಇನರ್ಷಿಯಾ ಅಂದರೆ ಗಾಢ ನಿದ್ದೆಯಿಂದ ಎದ್ದ ಮೇಲೆ ಉಳಿಯೋ ಮಂಪರು. ಕಣ್ಣು ಬಿಟ್ಟಿದ್ದರೂ ತೀರ್ಮಾನ ತಗೊಳ್ಳೋ ಮೆದುಳಿನ ಭಾಗ ಇನ್ನೂ ಪೂರ್ತಿ ಎದ್ದಿರಲ್ಲ. ಎದ್ದ ತಕ್ಷಣ ಅಲಾರಂ ಆಫ್ ಮಾಡಿ, ಆಫ್ ಮಾಡಿದ್ದೇ ನೆನಪಿಲ್ಲದೆ ಮೊದಲ ಪೀರಿಯಡ್ ತಪ್ಪಿಸಿಕೊಳ್ಳೋರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಂತ ವಿಜ್ಞಾನ ಹೇಳೋದು "ಕಾಕ್‌ಪಿಟ್‌ನಲ್ಲಿ ಕಣ್ಣು ಮುಚ್ಚಲೇಬಾರದು" ಅಂತಲೂ ಅಲ್ಲ. ನಾಸಾದ ಏಮ್ಸ್ ಸಂಶೋಧನಾ ಕೇಂದ್ರ ದೂರದ ಹಾರಾಟದ ಪೈಲಟ್‌ಗಳ ಮೇಲೆ ಒಂದು ಅಧ್ಯಯನ ಮಾಡಿ, 1994ರಲ್ಲಿ ಪ್ರಕಟಿಸಿತು. ಇನ್ನುಳಿದ ಪೈಲಟ್‌ಗಳು ವಿಮಾನ ನೋಡಿಕೊಳ್ಳುತ್ತಿರುವಾಗ ಒಬ್ಬರಿಗೆ ಸೀಟಿನಲ್ಲೇ 40 ನಿಮಿಷ ವಿರಾಮ ಕೊಟ್ಟರು. ಅವರು ಸರಾಸರಿ ಮಲಗಿದ್ದು 26 ನಿಮಿಷ. ನಂತರದ ಹಾರಾಟದಲ್ಲಿ, ವಿಶೇಷವಾಗಿ ಇಳಿಯೋ ಹೊತ್ತಿನಲ್ಲಿ, ಅವರು ಮಲಗದವರಿಗಿಂತ ಚುರುಕಾಗಿದ್ದರು. 26 ನಿಮಿಷದ ನಿದ್ದೆ ಕಾಪಾಡಿತು, 100 ನಿಮಿಷದ ನಿದ್ದೆ ಮುಳುಗಿಸಿತು. ಕಾರಣ ಏನಂದರೆ ಕಡಿಮೆ ಹೊತ್ತಿನ ನಿದ್ದೆಯಲ್ಲಿ ಗಾಢ ಹಂತಕ್ಕೆ ಇಳಿಯೋ ಸಾಧ್ಯತೆ ಕಮ್ಮಿ, ಜೊತೆಗೆ ಎದ್ದು ಸುಧಾರಿಸಿಕೊಳ್ಳೋಕೆ ಸಮಯ ಕೊಟ್ಟಿರತ್ತಾರೆ. ಈ ತರಹದ ನಿಖರತೆ ಇರೋದರಿಂದಲೇ ನಾವು ಇದನ್ನು ಲ್ಯಾಬ್ ರೀಡಿಂಗ್ ಅಂದದ್ದು.

ಇಂಥ ಸಂಶೋಧನೆ ಎಲ್ಲೋ ದೂರದಲ್ಲಿ ನಡೆಯೋದು ಅಂದುಕೊಳ್ಳಬೇಡಿ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಿಂದ ಕೆಲಸ ಮಾಡುತ್ತಿರುವ ಸಂಸ್ಥೆ. ಗಗನಯಾನದ ಗಗನಯಾತ್ರಿಗಳನ್ನು ಆರಿಸಿದ ವೈದ್ಯಕೀಯ ಪರೀಕ್ಷೆಗಳು ನಡೆದದ್ದು ಇಲ್ಲೇ. ನಮ್ಮಲ್ಲಿ ಎಷ್ಟು ಜನ ಅದರ ಗೇಟಿನ ಮುಂದೆ ಬಿಎಂಟಿಸಿ ಬಸ್ಸಿನಲ್ಲಿ ಹೋಗಿದ್ದೇವೋ! ಒಳಗೆ ಏನು ಅಳೆಯುತ್ತಾರೆ ಅಂತ ಕೇಳಿದವರು ಕಡಿಮೆ.

ಒಂದೇ ಆಫೀಸು, ಎರಡು ಹಾಳೆ

ಈಗ ಅಳತೆಯಿಂದ ನಿಯಮಕ್ಕೆ ಬರೋಣ. ನಮ್ಮಲ್ಲಿ ವಿಮಾನಯಾನದ ಸುರಕ್ಷತೆಯನ್ನು ನೋಡಿಕೊಳ್ಳೋದು ಡಿಜಿಸಿಎ. ಪೈಲಟ್ ಎಷ್ಟು ಹೊತ್ತು ಹಾರಿಸಬಹುದು, ಎಷ್ಟು ಹೊತ್ತು ಡ್ಯೂಟಿ, ಎಷ್ಟು ವಿಶ್ರಾಂತಿ ಅನ್ನೋ ನಿಯಮಕ್ಕೆ ಎಫ್‌ಡಿಟಿಎಲ್ ಅಂತಾರೆ. 2024ರ ಜನವರಿ 8ರಂದು ಡಿಜಿಸಿಎ ಇದನ್ನು ತಿದ್ದಿತು. ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಯಿತು. 'ರಾತ್ರಿ' ಅಂದರೆ 12ರಿಂದ 5 ಅಂತ ಇದ್ದದ್ದು 12ರಿಂದ 6 ಆಯಿತು. ರಾತ್ರಿ ಡ್ಯೂಟಿಯಲ್ಲಿ 6 ಸಲದವರೆಗೆ ಇಳಿಸಬಹುದಿತ್ತು, ಅದು 2ಕ್ಕೆ ಇಳಿಯಿತು. ಜೊತೆಗೆ, ಪೈಲಟ್‌ಗಳು ಕೊಟ್ಟ ಆಯಾಸದ ದೂರುಗಳನ್ನು ವಿಮಾನ ಕಂಪನಿಗಳು ಮೂರು ತಿಂಗಳಿಗೊಮ್ಮೆ ವರದಿ ಮಾಡಬೇಕು ಅಂತಲೂ ಹೇಳಿತು.

ಆ 5ರಿಂದ 6ರ ಒಂದು ಗಂಟೆ ನೋಡಿದ್ರಾ? ಮೇಲೆ ಹೇಳಿದ ದೇಹದ ತಗ್ಗಿನ ಹೊತ್ತು ಅದರಲ್ಲೇ ಬರತ್ತೆ. ಮಂಗಳೂರಿನ ವಿಮಾನ ಕೆಳಗಿಳಿಯಲು ತಯಾರಾಗಿದ್ದೂ ಆ ಗಂಟೆಯಲ್ಲೇ. ಲ್ಯಾಬಿನಲ್ಲಿ ಕಂಡ ಸಂಖ್ಯೆ ಕೊನೆಗೂ ನಿಯಮದ ಪುಸ್ತಕಕ್ಕೆ ಬಂತು.

ಜಾರಿ ಆಗಬೇಕಿದ್ದದ್ದು 2024ರ ಜೂನ್ 1ಕ್ಕೆ. ವಿಮಾನ ಕಂಪನಿಗಳು ಸಮಯ ಕೇಳಿದವು, ಮುಂದಕ್ಕೆ ಹೋಯಿತು. ಪೈಲಟ್ ಸಂಘಟನೆಗಳು ದೆಹಲಿ ಹೈಕೋರ್ಟಿನ ಮುಂದೆ ಇದ್ದವು. ಕೊನೆಗೆ ಎರಡು ಹಂತ ಅಂತಾಯಿತು: ಮೊದಲನೆಯದು 2025ರ ಜುಲೈ 1, ಎರಡನೆಯದು ನವೆಂಬರ್ 1. ರಾತ್ರಿಯ ನಿಯಮಗಳು ಎರಡನೇ ಹಂತದಲ್ಲಿ ಬಂದವು. ನಿಯಮ ಪ್ರಕಟವಾಗಿ ಅದು ಪೂರ್ತಿ ಜಾರಿಯಾಗುವ ಹೊತ್ತಿಗೆ ಹೆಚ್ಚೂಕಡಿಮೆ 22 ತಿಂಗಳು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಸುಮಾರು ನಾಲ್ಕು ಸೆಮಿಸ್ಟರ್.

ನಮಗೆ ಅರ್ಥವಾಗದ ಜಾಗ ಇಲ್ಲಿದೆ. ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಬೇಕು ಅಂತ ಹೇಳಿದ್ದು ಡಿಜಿಸಿಎ. ಅದೇ ಚಳಿಗಾಲದ ವೇಳಾಪಟ್ಟಿಯಲ್ಲಿ ಇಂಡಿಗೋಗೆ ಹಿಂದಿನ ಚಳಿಗಾಲಕ್ಕಿಂತ ಹೆಚ್ಚು ಹಾರಾಟಕ್ಕೆ ಅನುಮತಿ ಕೊಟ್ಟಿದ್ದೂ ಡಿಜಿಸಿಎ. ಒಬ್ಬ ಪೈಲಟ್‌ನಿಂದ ಸಿಗೋ ರಾತ್ರಿ ಗಂಟೆಗಳು ಕಮ್ಮಿ ಆಗತ್ತೆ ಅಂತ ಒಂದು ಹಾಳೆ ಹೇಳತ್ತೆ. ಇನ್ನೊಂದು ಹಾಳೆ ಹಾರಾಟ ಜಾಸ್ತಿ ಮಾಡಿ ಅನ್ನತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು "ಹಾಗಾದ್ರೆ ಪೈಲಟ್‌ಗಳು ಎಷ್ಟು ಬೇಕು, ಎಷ್ಟು ಇದ್ದಾರೆ?" ಅಂತ ಭಾಗಾಕಾರ ಮಾಡಿದ್ದರೆ ಉತ್ತರ ಅಕ್ಟೋಬರ್‌ನಲ್ಲೇ ಸಿಗುತ್ತಿತ್ತು. ಇದಕ್ಕೆ ಎಂಜಿನಿಯರಿಂಗ್ ಮ್ಯಾಥ್ಸ್ ಬೇಡ, ಹೈಸ್ಕೂಲ್ ಗಣಿತ ಸಾಕು.

ಕಂಪನಿಯ ಪಾಲಿನ ಹೊಣೆ ಇನ್ನೂ ದೊಡ್ಡದು. ಯಾವ ದಿನ ಯಾವ ನಿಯಮ ಬರತ್ತೆ ಅಂತ ಗೊತ್ತಿದ್ದೂ ಅದಕ್ಕೆ ತಕ್ಕಷ್ಟು ಜನರನ್ನು ಜೋಡಿಸಿಕೊಳ್ಳದೇ ಇದ್ದದ್ದು ಅವರ ಯೋಜನೆಯ ಸೋಲು. ಇದೇ ನಿಯಮ ಉಳಿದ ವಿಮಾನ ಕಂಪನಿಗಳಿಗೂ ಬಂತು, ಅವರ ಹಾರಾಟ ಹೀಗೆ ಕುಸಿಯಲಿಲ್ಲ.

ವಿನಾಯಿತಿ ಅನ್ನೋ ಸುಲಭದ ದಾರಿ

ಗೊಂದಲ ಕೈಮೀರಿದಾಗ ಡಿಸೆಂಬರ್ 5ರಂದು ಡಿಜಿಸಿಎ ಎರಡು ಕೆಲಸ ಮಾಡಿತು. ವಾರದ ವಿಶ್ರಾಂತಿಯ ಬದಲು ರಜೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನೋ ಸೂಚನೆಯನ್ನು ವಾಪಸ್ ತಗೊಂಡಿತು. ರಾತ್ರಿ ಡ್ಯೂಟಿಗೆ ಸಂಬಂಧಿಸಿದ ಕೆಲವು ನಿಯಮಗಳಿಂದ ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಆಮೇಲೆ ಇಂಡಿಗೋದ ಹಾರಾಟಗಳನ್ನು ಶೇಕಡ 10ರಷ್ಟು ಕಡಿತ ಮಾಡುವಂತೆಯೂ ಸರ್ಕಾರ ಹೇಳಿತು.

ವಿನಾಯಿತಿ ಕೊಟ್ಟವರ ಕಷ್ಟ ನಮಗೆ ಅರ್ಥವಾಗಲ್ಲ ಅಂತಲ್ಲ. ಏರ್‌ಪೋರ್ಟ್‌ನಲ್ಲಿ ಸಾವಿರಾರು ಜನ ಸಿಕ್ಕಿಹಾಕಿಕೊಂಡಿದ್ದಾರೆ. ಯಾರದೋ ಮದುವೆ, ಯಾರದೋ ಆಪರೇಷನ್, ಯಾರದೋ ಇಂಟರ್ವ್ಯೂ. ಆ ಹೊತ್ತಿನಲ್ಲಿ ಪುಸ್ತಕ ತೋರಿಸುತ್ತಾ ಕೂರೋಕೆ ಆಗಲ್ಲ. ದೇಶದ ಒಳಗಿನ ವಿಮಾನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಒಯ್ಯುವ ಕಂಪನಿ ನಿಂತರೆ ದೇಶವೇ ನಿಂತಹಾಗೆ. ಇದೆಲ್ಲ ನಿಜ.

ಆದರೆ ಒಂದು ಪ್ರಶ್ನೆ ಹಾಗೇ ಉಳಿಯತ್ತೆ. ಡಿಸೆಂಬರ್ 4ರ ರಾತ್ರಿ ಆಯಾಸ ಅನ್ನಿಸಿಕೊಂಡದ್ದು ಡಿಸೆಂಬರ್ 6ರ ರಾತ್ರಿ ಆಯಾಸ ಅಲ್ಲ ಅಂತ ಯಾವ ರೀಡಿಂಗ್ ಹೇಳಿತು? ಮೆಕ್ಯಾನಿಕಲ್‌ನವರು ಮೂರನೇ ಸೆಮ್‌ನಲ್ಲೇ ಕಬ್ಬಿಣದ ಸರಳನ್ನು ಯುಟಿಎಂಗೆ ಹಾಕಿ ಎಳೆದಿರುತ್ತಾರೆ. ಅದರ ಯೀಲ್ಡ್ ಸ್ಟ್ರೆಂತ್ ಇಷ್ಟು ಅಂತ ಬರತ್ತೆ. ಸೇತುವೆ ಕಟ್ಟೋ ಗುತ್ತಿಗೆದಾರ ಬಂದು "ಸರ್, ಎರಡು ತಿಂಗಳು ಈ ಸರಳು ಇನ್ನೂ ಸ್ವಲ್ಪ ಭಾರ ತಡೆಯತ್ತೆ ಅಂತ ಬರೆದುಕೊಡಿ, ಅರ್ಜೆಂಟ್ ಇದೆ" ಅಂದರೆ ಯಾರಾದರೂ ಬರೆದುಕೊಡ್ತಾರಾ? ಸೇತುವೆ ಮೇಲೆ ಲಾರಿ ಕಡಿಮೆ ಬಿಡಿ ಅಂತ ಹೇಳಬಹುದು. ಸರಳಿನ ಗುಣ ಬದಲಾಯಿಸೋಕೆ ಯಾವ ಸಹಿಗೂ ಶಕ್ತಿ ಇಲ್ಲ. ಹಾರಾಟ ಕಡಿತ ಮಾಡಿದ್ದು ಲಾರಿ ಕಡಿಮೆ ಬಿಟ್ಟಂತೆ, ಅದು ಸರಿಯಾದ ದಾರಿ. ರಾತ್ರಿಯ ನಿಯಮ ಸಡಿಲಿಸಿದ್ದು ಸರಳಿನ ಸರ್ಟಿಫಿಕೇಟ್ ತಿದ್ದಿದಂತೆ.

ಈ ಚಾಳಿ ನಮ್ಮ ದೇಶಕ್ಕೆ ಮಾತ್ರ ಸೀಮಿತ ಅಲ್ಲ. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ ಸಂಸ್ಥೆಯ ವಿಮಾನ ಬಿದ್ದು 50 ಜನ ಸತ್ತರು. ಪೈಲಟ್‌ಗಳ ಆಯಾಸ ದೊಡ್ಡ ಚರ್ಚೆಯಾಯಿತು. ಅಲ್ಲಿನ ಎಫ್‌ಎಎ ಹೊಸ ವಿಶ್ರಾಂತಿ ನಿಯಮ ತಂದು 2014ರ ಜನವರಿಯಿಂದ ಜಾರಿ ಮಾಡಿತು. ಸರಕು ವಿಮಾನಗಳನ್ನು ಮಾತ್ರ ಹೊರಗಿಟ್ಟಿತು, ಖರ್ಚು ಜಾಸ್ತಿ ಅನ್ನೋ ಕಾರಣಕ್ಕೆ. ರಾತ್ರಿ ಹೆಚ್ಚು ಹಾರೋದು ಸರಕು ವಿಮಾನಗಳೇ! ಹಿಂದೆ ಕೂತಿರೋದು ಜನರೋ ಪಾರ್ಸೆಲ್ಲೋ ಅಂತ ನೋಡಿ ನಿದ್ದೆ ಬರಲ್ಲ ತಾನೇ?

ಕಾವಲುಗಾರನ ಬಲ

ನಿಯಮ ಬರೆದರೆ ಮುಗೀತಾ? ಪಾಲಿಸ್ತಾರಾ ಅಂತ ನೋಡೋಕೆ ಜನ ಬೇಕು. 2014ರ ಜನವರಿಯಲ್ಲಿ ಅಮೆರಿಕದ ಎಫ್‌ಎಎ ಭಾರತದ ವಿಮಾನಯಾನ ಸುರಕ್ಷತಾ ದರ್ಜೆಯನ್ನು ಇಳಿಸಿತ್ತು. ನಮ್ಮ ವಿಮಾನಗಳು ಕೆಟ್ಟವು ಅಂತ ಅಲ್ಲ. ಉಸ್ತುವಾರಿ ಮಾಡೋ ವ್ಯವಸ್ಥೆಯಲ್ಲಿ ಕೊರತೆ ಇದೆ, ತರಬೇತಿ ಇರೋ ಇನ್‌ಸ್ಪೆಕ್ಟರ್‌ಗಳು ಸಾಲದು ಅಂತ. ಜನರನ್ನು ನೇಮಿಸಿದ ಮೇಲೆ 2015ರ ಏಪ್ರಿಲ್‌ನಲ್ಲಿ ದರ್ಜೆ ವಾಪಸ್ ಬಂತು. ಹತ್ತು ವರ್ಷ ಕಳೆದು 2025ರಲ್ಲಿ ಸಂಸತ್ತಿನ ಸಮಿತಿಯೊಂದು ಮತ್ತೆ ಅದನ್ನೇ ಹೇಳಿದೆ. ಡಿಜಿಸಿಎಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಅರ್ಧದ ಹತ್ತಿರ ಖಾಲಿ. ವಿಮಾನಗಳು ಹೆಚ್ಚುತ್ತಾ ಹೋಗಿವೆ, ಅವನ್ನು ನೋಡಿಕೊಳ್ಳೋ ಕುರ್ಚಿಗಳು ಖಾಲಿ ಬಿದ್ದಿವೆ.

ಹಾಗಿದ್ದರೂ ಡಿಜಿಸಿಎ ಕೈಕಟ್ಟಿ ಕೂತಿದೆ ಅಂದರೆ ಅನ್ಯಾಯ ಆಗತ್ತೆ. 2024ರ ಮಾರ್ಚ್‌ನಲ್ಲಿ ವಿಶ್ರಾಂತಿ ನಿಯಮ ಮೀರಿದ್ದಕ್ಕೆ ಏರ್ ಇಂಡಿಯಾಗೆ 80 ಲಕ್ಷ ರೂಪಾಯಿ ದಂಡ ಹಾಕಿತು. 2025ರ ಮೇ 16 ಮತ್ತು 17ರಂದು ಅದೇ ಸಂಸ್ಥೆಯ ಬೆಂಗಳೂರು–ಲಂಡನ್ ಹಾರಾಟಗಳು 10 ಗಂಟೆಯ ಮಿತಿ ದಾಟಿದ್ದಕ್ಕೆ ನೋಟಿಸ್ ಕೊಟ್ಟಿತು. ಜೂನ್‌ನಲ್ಲಿ ಸಿಬ್ಬಂದಿ ರೋಸ್ಟರ್ ನೋಡಿಕೊಳ್ಳುತ್ತಿದ್ದ ಮೂವರು ಅಧಿಕಾರಿಗಳನ್ನು ಆ ಕೆಲಸದಿಂದ ತೆಗೆಯಲು ಹೇಳಿತು. ರೋಸ್ಟರ್ ಸಾಫ್ಟ್‌ವೇರ್ ಬದಲಾಯಿಸಿದ ಮೇಲೆ ಕಂಪನಿಯೇ ಪರಿಶೀಲಿಸಿ ತನ್ನ ಲೋಪಗಳನ್ನು ಒಪ್ಪಿಕೊಂಡಿತ್ತು. ಅಂದರೆ ಹಳೇ ಸಾಫ್ಟ್‌ವೇರ್ ಇರೋವರೆಗೂ ಎಷ್ಟೋ ಡ್ಯೂಟಿಗಳು ಪರದೆಯ ಮೇಲೆ ಹಾಗೇ ದಾಟಿಹೋಗಿದ್ದವು.

ಇಲ್ಲೊಂದು ಸೂಕ್ಷ್ಮ ಇದೆ. ನಿಯಮದ ಮಿತಿ ಅಂದರೆ ಅಲ್ಲಿವರೆಗೂ ಎಳೆಯಿರಿ ಅಂತ ಅರ್ಥ ಅಲ್ಲ. 85 ಶೇಕಡ ಅಟೆಂಡೆನ್ಸ್ ಬೇಕು ಅಂದರೆ ನಾವು ಸರಿಯಾಗಿ 85ಕ್ಕೆ ಲೆಕ್ಕ ಹಾಕಿ ಬಂಕ್ ಮಾಡ್ತೀವಲ್ಲ, ಹಾಗೆ ರೋಸ್ಟರ್ ಮಾಡಿದರೆ ಕಾನೂನು ಪಾಲನೆ ಆಗತ್ತೆ, ಪೈಲಟ್ ಮಾತ್ರ ಬಳಲಿಯೇ ಇರುತ್ತಾರೆ. ಅಂತರರಾಷ್ಟ್ರೀಯ ಸಂಸ್ಥೆ ಐಸಿಎಒ ಇದಕ್ಕೇ ಇನ್ನೊಂದು ದಾರಿಯನ್ನೂ ಇಟ್ಟಿದೆ. ಬರೀ ಗಂಟೆ ಎಣಿಸುವ ಬದಲು, ಪೈಲಟ್‌ಗಳ ನಿದ್ದೆ, ಎಚ್ಚರ, ದೂರು ಎಲ್ಲದರ ಡೇಟಾ ನೋಡುತ್ತಾ ರೋಸ್ಟರ್ ತಿದ್ದುವ ಪದ್ಧತಿ ಅದು, ಫೆಟೀಗ್ ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅಂತ ಹೆಸರು. ಕೇಳೋಕೆ ಚೆನ್ನಾಗಿದೆ. ಆದರೆ "ನಂಗೆ ಇವತ್ತು ಹಾರಿಸೋಕೆ ಆಗಲ್ಲ, ಸುಸ್ತಾಗಿದೆ" ಅಂತ ಹೇಳಿದ ಪೈಲಟ್‌ಗೆ ಮರುದಿನ ಮೇಲಿನವರಿಂದ ಫೋನ್ ಬರೋ ಹಾಗಿದ್ದರೆ ಯಾವ ಡೇಟಾ ನಿಜ ಹೇಳೀತು?

ನಾವು ಕೇಳೋದು ಮೂರು

ಒಂದು, ವೇಳಾಪಟ್ಟಿಗೆ ಅನುಮತಿ ಕೊಡುವಾಗ ಪೈಲಟ್‌ಗಳ ಸಂಖ್ಯೆಯ ಲೆಕ್ಕವನ್ನೂ ಅದೇ ಕಡತದಲ್ಲಿ ಇಡಬೇಕು. ಆ ಚಳಿಗಾಲ ಜಾರಿಯಲ್ಲಿರೋ ನಿಯಮದ ಪ್ರಕಾರ ಇಷ್ಟು ಹಾರಾಟಕ್ಕೆ ಇಷ್ಟು ಜನ ಬೇಕು, ಇಷ್ಟು ಜನ ಇದ್ದಾರೆ, ರಜೆ-ಜ್ವರಕ್ಕೆ ಇಷ್ಟು ಮಂದಿ ಹೆಚ್ಚುವರಿ ಅಂತ ತೋರಿಸದ ಕಂಪನಿಗೆ ಹೆಚ್ಚಿನ ಹಾರಾಟ ಸಿಗಬಾರದು.

ಎರಡು, ವಿನಾಯಿತಿ ಕೊಡಲೇಬೇಕಾದ ದಿನ ಬಂದರೆ, ಅದರ ಜೊತೆ ಕಾರಣವನ್ನೂ ಪ್ರಕಟಿಸಲಿ. ಆ ರಾತ್ರಿಗಳ ಹೆಚ್ಚುವರಿ ಅಪಾಯವನ್ನು ಹೇಗೆ ಸರಿದೂಗಿಸುತ್ತೀರಿ, ಹಗಲು ಎಷ್ಟು ಹೆಚ್ಚು ವಿಶ್ರಾಂತಿ, ಯಾವ ಏರೋಸ್ಪೇಸ್ ಮೆಡಿಸಿನ್ ತಜ್ಞರು ಒಪ್ಪಿದ್ದಾರೆ ಅಂತ. ನಮ್ಮ ಮಿನಿ ಪ್ರಾಜೆಕ್ಟ್‌ಗೇ "ಜಸ್ಟಿಫಿಕೇಷನ್" ಅನ್ನೋ ಅಧ್ಯಾಯ ಇಲ್ಲದಿದ್ದರೆ ಗೈಡ್ ಸಹಿ ಹಾಕಲ್ಲ.

ಮೂರು, ಮೂರು ತಿಂಗಳಿಗೊಮ್ಮೆ ಬರೋ ಆಯಾಸದ ವರದಿಗಳ ಸಾರಾಂಶ ಸಾರ್ವಜನಿಕರಿಗೆ ಸಿಗಲಿ. ಪೈಲಟ್ ಹೆಸರು ಬೇಡ. ಯಾವ ಕಂಪನಿಯಲ್ಲಿ ಎಷ್ಟು ದೂರು ಬಂತು, ಎಷ್ಟನ್ನು ಒಪ್ಪಿದರು, ಏನು ತಿದ್ದಿದರು ಅಂತ ಗೊತ್ತಾದರೆ ಸಾಕು. ವಿಮಾನ ಎಷ್ಟು ಗಂಟೆ ಸರಿಯಾಗಿ ಹೊರಡತ್ತೆ ಅನ್ನೋ ಅಂಕಿಅಂಶ ಪ್ರತಿ ತಿಂಗಳು ಪ್ರಕಟವಾಗತ್ತೆ. ಓಡಿಸೋರು ನಿದ್ದೆ ಮಾಡಿದ್ದಾರಾ ಅನ್ನೋದು ಅದಕ್ಕಿಂತ ಕಡಿಮೆ ಮುಖ್ಯವಾ?

ಟಿಕೆಟ್ ದರ ಸ್ವಲ್ಪ ಏರಬಹುದು. ಮಧ್ಯರಾತ್ರಿಯ ಅಗ್ಗದ ವಿಮಾನಗಳು ಕಮ್ಮಿ ಆಗಬಹುದು. ಹಬ್ಬಕ್ಕೆ ಊರಿಗೆ ಹೋಗೋ ನಮ್ಮಂಥ ಸ್ಟೂಡೆಂಟ್‌ಗಳ ಜೇಬಿಗೇ ಮೊದಲು ತಾಗೋದು, ಅದು ಗೊತ್ತು. ಗೊತ್ತಿದ್ದೇ ಕೇಳ್ತಿದ್ದೇವೆ.

ಇದರಲ್ಲಿ ನಮ್ಮದೇನು?

ಇನ್ನೆರಡು ವರ್ಷಕ್ಕೆ ಪ್ಲೇಸ್‌ಮೆಂಟ್. ನಮ್ಮಲ್ಲಿ ಯಾರೋ ಒಬ್ಬರು ರೋಸ್ಟರ್ ಮಾಡೋ ಸಾಫ್ಟ್‌ವೇರ್ ಬರೆಯೋ ಕಂಪನಿಗೆ ಸೇರುತ್ತಾರೆ. ಅಂಥ ಪ್ರೋಗ್ರಾಂ ಬರೆಯುವಾಗ ಎರಡು ತರಹದ ಷರತ್ತು ಹಾಕಬಹುದು ಅಂತ ಸಿಎಸ್‌ನವರಿಗೆ ಗೊತ್ತು. ಹಾರ್ಡ್ ಕನ್‌ಸ್ಟ್ರೇಂಟ್ ಅಂದರೆ ಮುರಿಯೋಕೇ ಆಗದ್ದು. ಸಾಫ್ಟ್ ಕನ್‌ಸ್ಟ್ರೇಂಟ್ ಅಂದರೆ ಮುರಿದರೆ ಸ್ವಲ್ಪ ಪೆನಾಲ್ಟಿ ಕೂಡುತ್ತದೆ, ಅಷ್ಟೇ, ಲಾಭ ಜಾಸ್ತಿ ಇದ್ದರೆ ಪ್ರೋಗ್ರಾಂ ಅದನ್ನು ಮುರಿದು ಮುಂದೆ ಹೋಗತ್ತೆ. ಬೆಳಗಿನ ಜಾವ 5 ಗಂಟೆಯ ಆ ಲ್ಯಾಂಡಿಂಗ್ ಎರಡರಲ್ಲಿ ಯಾವುದು ಅಂತ ಟೈಪ್ ಮಾಡೋ ಕೈ ನಮ್ಮದಾಗಿರತ್ತೆ. ಮ್ಯಾನೇಜರ್ ಬಂದು "ಇದನ್ನು ಸ್ವಲ್ಪ ಸಾಫ್ಟ್ ಮಾಡಪ್ಪ" ಅಂದಾಗ, ಯಾಕೆ ಆಗಲ್ಲ ಅಂತ ಹೇಳೋಕೆ ಆ ಸಂಖ್ಯೆ ಎಲ್ಲಿಂದ ಬಂತು ಅನ್ನೋದು ಗೊತ್ತಿರಬೇಕು. ಮಂಗಳೂರಿನ ವರದಿಯನ್ನು ಓದಿದವರಿಗೆ ಗೊತ್ತಿರತ್ತೆ.

ನಮ್ಮ ಸಿಲಬಸ್‌ನಲ್ಲಿ ಕಬ್ಬಿಣದ ಫೆಟೀಗ್ ಇದೆ, ಮನುಷ್ಯನ ಫೆಟೀಗ್ ಇಲ್ಲ. ಎಲೆಕ್ಟಿವ್ ಬರೋವರೆಗೆ ಕಾಯೋದು ಬೇಡ. ಮುಂದಿನ ಟೆಕ್ ಫೆಸ್ಟ್‌ಗೆ ಏರೋಸ್ಪೇಸ್ ಮೆಡಿಸಿನ್ ಡಾಕ್ಟರೊಬ್ಬರನ್ನು, ಸಾಧ್ಯವಾದರೆ ಒಬ್ಬ ಪೈಲಟ್‌ರನ್ನು, ಕರೆಸಿ ಕನ್ನಡದಲ್ಲೇ ಮಾತಾಡಿಸೋಣ ಅಂತ ಸಂಘದ ಮೀಟಿಂಗಿನಲ್ಲಿ ಹೇಳಿದ್ದೇವೆ. ಪ್ರಶ್ನೆಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಮತ್ತೆ, ಅದರ ಹಿಂದಿನ ರಾತ್ರಿ ದಯವಿಟ್ಟು ನಿದ್ದೆ ಮಾಡಿ ಬನ್ನಿ.